ಮೂಗಿಗಿಂತ ಮೂಗುತಿ ಭಾರವಾಗದಂತೆ: ಚಾನೆಲ್ ಫೀಡ್‌ಬ್ಯಾಕ್ ಇಳಿಸುವ ಯಾವ ದಾರಿ ಯಾರಿಗೆ?

“ಟೈಪ್-1 ಸಾಕಾ ಸಾರ್, ಟೈಪ್-2ಗೇ ಹೋಗಬೇಕಾ? ಇಲ್ಲಾ ಈಗ ಎಲ್ಲರೂ ಎಐ ಅಂತಿದ್ದಾರಲ್ಲ, ಅದನ್ನೇ ಹಿಡಿದುಬಿಡ್ಲಾ?”

ಟೈಪ್-1, ಟೈಪ್-2 ಅಂದರೆ ಸಿಗ್ನಲ್ ಹೇಗೆ ಬರುತ್ತಿದೆ ಎಂದು ಫೋನು ಟವರಿಗೆ ವರದಿ ಒಪ್ಪಿಸುವ 5ಜಿಯ ಎರಡು ಪದ್ಧತಿ, ಒಂದು ಒರಟು, ಇನ್ನೊಂದು ಸೂಕ್ಷ್ಮ. ವೈರ್‌ಲೆಸ್ ಕಡೆ ಪ್ರಾಜೆಕ್ಟ್ ಹಿಡಿದ ಎಂ.ಟೆಕ್ ಹುಡುಗರು ಇದನ್ನೇ ಕೇಳುತ್ತಾರೆ. ಟೆಲಿಕಾಂ ಕಂಪನಿಗೆ ಹೊಸದಾಗಿ ಸೇರಿದವರೂ ಮಾತು ಬೇರೆ ಮಾಡಿ ಇದನ್ನೇ ಕೇಳುತ್ತಾರೆ. ಮೂರಕ್ಕೂ ಒಂದೇ ಉತ್ತರವಿಲ್ಲ. ಆದರೆ ಉತ್ತರಕ್ಕೆ ಮೊದಲು ಕೇಳಿಕೊಳ್ಳಬೇಕಾದ ನಾಲ್ಕು ಪ್ರಶ್ನೆಗಳಿವೆ. ಅವನ್ನು ಬಿಟ್ಟು ನೇರ ಕೋಡ್ ಬರೆಯಲು ಕೂತವರೇ ಜಾಸ್ತಿ. ನಾನೂ ಒಂದು ಕಾಲಕ್ಕೆ ಅದೇ ಸಾಲಿನಲ್ಲಿದ್ದವನು.

ಸಮಸ್ಯೆ ಏನೆಂದು ಮೊದಲು ನೋಡೋಣ. ಟವರಿನಲ್ಲಿ 32 ಆಂಟೆನಾ ಇವೆ ಎಂದುಕೊಳ್ಳಿ. ಅವೆಲ್ಲ ಸೇರಿ ನಿಮ್ಮ ಫೋನಿನ ಕಡೆಗೇ ಸಿಗ್ನಲ್ ಬೀರಬೇಕಾದರೆ, ಪ್ರತಿ ಆಂಟೆನಾದಿಂದ ಫೋನಿಗೆ ಸಿಗ್ನಲ್ ಹೇಗೆ ಬಂದು ಮುಟ್ಟುತ್ತಿದೆ ಎಂಬುದು, ಅಂದರೆ ನಡುವಿನ ‘ಚಾನೆಲ್’ ಹೇಗಿದೆ ಎಂಬುದು, ಟವರಿಗೆ ಗೊತ್ತಿರಬೇಕು. ಅದು ಗೊತ್ತಾಗುವುದು ಫೋನಿಗೆ. ಟವರ್ ಕಳಿಸಿದ ಪೈಲಟ್ ಸಿಗ್ನಲನ್ನು (ಎರಡೂ ಕಡೆಗೆ ಮೊದಲೇ ಗೊತ್ತಿರುವ ಪರೀಕ್ಷೆಯ ಸಿಗ್ನಲ್) ಅಳೆದು, “ನನಗೆ ಹೀಗೆ ಕಾಣಿಸ್ತಿದೆ” ಎಂದು ಫೋನು ವರದಿ ಒಪ್ಪಿಸಬೇಕು. ಆ ವರದಿಯೇ ಫೀಡ್‌ಬ್ಯಾಕ್. ಅದು ಹೋಗುವುದು ಅಪ್‌ಲಿಂಕಿನಲ್ಲಿ, ಅಂದರೆ ಫೋನು ತನ್ನ 200 ಮಿಲಿವ್ಯಾಟ್ ಶಕ್ತಿಯಲ್ಲಿ ಕೂಗಿ ಹೇಳಬೇಕಾದ ಕಡೆಯಲ್ಲಿ. ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಬಡವ ಅಪ್‌ಲಿಂಕೇ, ಖರ್ಚು ಬೀಳುವುದೂ ಅವನ ತಲೆಗೇ.

ಎಷ್ಟು ಖರ್ಚು? 2006ರಲ್ಲಿ ವೈರ್‌ಲೆಸ್ ಸಂಶೋಧಕ ನಿಹಾರ್ ಜಿಂದಾಲ್ ಇದಕ್ಕೊಂದು ಸುಂದರವಾದ ಲೆಕ್ಕ ಕೊಟ್ಟರು. ಒಂದೇ ಹೊತ್ತಿಗೆ ಹಲವರಿಗೆ ಸಿಗ್ನಲ್ ಕಳಿಸುವ ವ್ಯವಸ್ಥೆಯಲ್ಲಿ, ಪರಿಪೂರ್ಣ ಮಾಹಿತಿ ಇದ್ದಾಗಿನ ಸ್ಥಿತಿಗಿಂತ ಸುಮಾರು 3 ಡೆಸಿಬೆಲ್ ಮಾತ್ರ ಹಿಂದೆ ಉಳಿಯಬೇಕಾದರೆ, ಆಂಟೆನಾ ಸಂಖ್ಯೆಯಲ್ಲಿ ಒಂದು ಕಳೆದು, ಅದನ್ನು ಡೆಸಿಬೆಲ್ಲಿನಲ್ಲಿರುವ ಸಿಗ್ನಲ್ ಬಲದಿಂದ ಗುಣಿಸಿ, ಮೂರರಿಂದ ಭಾಗಿಸಿ. ಒಬ್ಬೊಬ್ಬ ಬಳಕೆದಾರನೂ ಅಷ್ಟು ಬಿಟ್ ಕಳಿಸಬೇಕು. 4 ಆಂಟೆನಾ, 20 ಡೆಸಿಬೆಲ್ ಇದ್ದರೆ 20 ಬಿಟ್. 8 ಆಂಟೆನಾಗೆ 47. 32 ಆಂಟೆನಾಗೆ 200 ದಾಟುತ್ತದೆ. ಇದು ಆವರ್ತನದ ಒಂದೇ ಒಂದು ತುಣುಕಿಗೆ, ಒಂದು ಸಲಕ್ಕೆ. ಸಿಗ್ನಲ್ ಬಲವಾದಷ್ಟೂ ಬಿಟ್ ಹೆಚ್ಚು ಬೇಕು ಎನ್ನುವುದು ಇಲ್ಲಿನ ಗಮನಿಸಬೇಕಾದ ಮಾತು. ಟವರಿನ ಪಕ್ಕದಲ್ಲೇ ನಿಂತವನ ವರದಿ ಒರಟಾಗಿದ್ದರೆ, ಬೇರೆಯವರಿಗೆ ಕಳಿಸಿದ ಸಿಗ್ನಲ್ ಅವನ ಮೇಲೆ ಸೋರಿ ಎಲ್ಲ ಕೆಡುತ್ತದೆ.

ಮೊದಲು ನಾಲ್ಕು ಪ್ರಶ್ನೆ

ಮೊದಲನೆಯದು, ನಿಮ್ಮದು ಎಫ್‌ಡಿಡಿಯೋ ಟಿಡಿಡಿಯೋ? ಅಪ್‌ಲಿಂಕಿಗೂ ಡೌನ್‌ಲಿಂಕಿಗೂ (ಟವರಿನಿಂದ ಫೋನಿಗೆ ಬರುವ ದಾರಿ) ಬೇರೆಬೇರೆ ಆವರ್ತನ ಕೊಟ್ಟಿದ್ದರೆ ಎಫ್‌ಡಿಡಿ. ಒಂದೇ ಆವರ್ತನವನ್ನು ಸರದಿಯ ಮೇಲೆ ಬಳಸಿದರೆ ಟಿಡಿಡಿ. ನಮ್ಮಲ್ಲಿ 2022ರ ಅಕ್ಟೋಬರಿನಲ್ಲಿ ಶುರುವಾದ 5ಜಿಯ ಮುಖ್ಯ ಬ್ಯಾಂಡ್, 3.5 ಗಿಗಾಹರ್ಟ್ಸ್, ಟಿಡಿಡಿ. ಜಿಯೋ ಬಳಸುವ 700 ಮೆಗಾಹರ್ಟ್ಸ್ ಮತ್ತು 4ಜಿಯ ಹಳೆಯ 1800 ಬ್ಯಾಂಡ್ ಎಫ್‌ಡಿಡಿ. ಇದೊಂದು ಉತ್ತರದಲ್ಲೇ ಅರ್ಧ ತೀರ್ಮಾನ ಆಗಿಹೋಗುತ್ತದೆ.

ಎರಡನೆಯದು, ಎಷ್ಟು ಆಂಟೆನಾ, ಒಂದೇ ಹೊತ್ತಿಗೆ ಎಷ್ಟು ಜನ? ಒಬ್ಬನಿಗೇ ಕಳಿಸುವುದಾದರೆ ಬೀಮ್, ಅಂದರೆ ಒಂದು ಕಡೆಗೆ ತಿರುಗಿಸಿದ ಸಿಗ್ನಲ್, ಸ್ವಲ್ಪ ಆಚೀಚೆ ಆದರೂ ನಡೆಯುತ್ತದೆ. ನಾಲ್ವರಿಗೆ ಒಟ್ಟಿಗೆ ಕಳಿಸುವುದಾದರೆ ನಡೆಯುವುದಿಲ್ಲ.

ಮೂರನೆಯದು ವೇಗ. ಎಲ್ಲರೂ ಮರೆಯುವುದು ಇದನ್ನೇ. 3.5 ಗಿಗಾಹರ್ಟ್ಸ್‌ನಲ್ಲಿ ನಡೆದುಹೋಗುವವನ ಚಾನೆಲ್ ಸ್ಥೂಲ ಲೆಕ್ಕದಲ್ಲಿ 40 ಮಿಲಿಸೆಕೆಂಡ್ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಗಂಟೆಗೆ 60 ಕಿ.ಮೀ. ಓಡುವ ಬಸ್ಸಿನಲ್ಲಿ ಕೂತವನದು 2 ಮಿಲಿಸೆಕೆಂಡ್. ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ 100ರ ವೇಗದ ಕಾರು 1800 ಮೆಗಾಹರ್ಟ್ಸ್‌ನಲ್ಲಿದ್ದರೂ ಎರಡೂವರೆ ಮಿಲಿಸೆಕೆಂಡಷ್ಟೇ. ಅಳೆದು, ಲೆಕ್ಕ ಹಾಕಿ, ಸರದಿ ಕಾದು ವರದಿ ಕಳಿಸಿ, ಟವರ್ ಅದನ್ನು ಓದಿ ಬಳಸುವಷ್ಟರಲ್ಲಿ ಅದಕ್ಕಿಂತ ಹೆಚ್ಚೇ ಹೊತ್ತಾಗಿರುತ್ತದೆ. ನನ್ನ ಮೊದಲ ಸಿಮ್ಯುಲೇಶನ್‌ನಲ್ಲಿ ಈ ತಡವನ್ನು ಸೊನ್ನೆ ಇಟ್ಟಿದ್ದೆ. ಗ್ರಾಫ್ ನೋಡಿದರೆ ಬಲು ಚಂದ. ಗೈಡ್ ಅದನ್ನು ನೋಡಿ, “ನಿನ್ನ ವರದಿ ಬರೋ ಹೊತ್ತಿಗೆ ಫೋನು ಎಲ್ಲಿರುತ್ತಪ್ಪಾ?” ಎಂದಷ್ಟೇ ಕೇಳಿದರು. ಐದು ಮಿಲಿಸೆಕೆಂಡ್ ತಡ ಸೇರಿಸಿ ಮತ್ತೆ ಓಡಿಸಿದೆ. ಸೂಕ್ಷ್ಮವಾದ ವರದಿಯಿಂದ ಸಿಕ್ಕಿದ್ದ ಲಾಭವೆಲ್ಲ ಕರಗಿತ್ತು. ಹಳಸಿದ ಅನ್ನವನ್ನು ಬೆಳ್ಳಿ ತಟ್ಟೆಯಲ್ಲಿ ಬಡಿಸಿದಂತೆ.

ನಾಲ್ಕನೆಯದು, ಖರ್ಚು ಯಾರ ಖಾತೆಗೆ? ವರದಿಯ ಬಿಟ್ ಒಂದು ಖರ್ಚು. ಅದನ್ನು ತಯಾರಿಸಲು ಫೋನು ಮಾಡುವ ಲೆಕ್ಕ ಮತ್ತು ಬ್ಯಾಟರಿ ಇನ್ನೊಂದು. ಅಳೆಯಲು ಟವರ್ ಕಳಿಸುವ ಪೈಲಟ್ ಮೂರನೆಯದು. ಬಿಟ್ ಉಳಿಸುವ ಎಷ್ಟೋ ಉಪಾಯಗಳು ಪೈಲಟ್ ಖರ್ಚನ್ನು ಮುಟ್ಟುವುದೂ ಇಲ್ಲ. ಇದರ ಜೊತೆ, ಎರಡೂ ತುದಿ ನಿಮ್ಮ ಕೈಯಲ್ಲಿದೆಯೇ ಎನ್ನುವುದೂ ಸೇರುತ್ತದೆ. ಆಪರೇಟರಿಗೆ ಟವರ್ ಮಾತ್ರ ಕೈಯಲ್ಲಿರುತ್ತದೆ, ಫೋನು ಯಾರದೋ.

ಕಡಿಮೆ ಹೇಳು, ಅಪರೂಪಕ್ಕೆ ಹೇಳು

ಅತಿ ಅಗ್ಗದ ದಾರಿ ಇದು, ಅತಿ ಕಡಿಮೆ ಗೌರವ ಸಿಕ್ಕಿರುವುದೂ ಇದಕ್ಕೇ. ವರದಿಯ ಅವಧಿಯನ್ನು 10 ಮಿಲಿಸೆಕೆಂಡಿನಿಂದ 40ಕ್ಕೆ ಏರಿಸಿದರೆ ಖರ್ಚು ಕಾಲು ಭಾಗಕ್ಕೆ ಇಳಿಯಿತು. ಒಂದು ಗೆರೆ ಕೋಡ್ ಬೇಡ, ಕಾನ್ಫಿಗರೇಶನ್ ಬದಲಾಯಿಸಿದರೆ ಆಯಿತು. ಮನೆಯ ಗೋಡೆಗೆ ಮೊಳೆ ಹೊಡೆದು ಕೂರಿಸಿದ ಏರ್‌ಫೈಬರ್ ಪೆಟ್ಟಿಗೆ ಎಲ್ಲಿಗೂ ಹೋಗುವುದಿಲ್ಲ. ಅದರಿಂದ ಪದೇಪದೇ ವರದಿ ಕೇಳುವುದು ಕುಳಿತವನನ್ನು “ಕೂತಿದ್ದೀಯಾ” ಎಂದು ಕೇಳಿದಂತೆ.

ಇಡೀ ಬ್ಯಾಂಡನ್ನು ಹತ್ತಾರು ಸಬ್‌ಬ್ಯಾಂಡ್ ಮಾಡಿ, ಎಲ್ಲದರ ಬದಲು ಚೆನ್ನಾಗಿರುವ ಕೆಲವನ್ನು ಮಾತ್ರ ಹೇಳುವ ಪದ್ಧತಿಯೂ ಇದೆ. ಬೆಸ್ಟ್-ಎಂ ಎನ್ನುತ್ತಾರೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ ನೀಲೇಶ್ ಮೆಹ್ತಾ ಅವರ ತಂಡ ಇದರ ಮೇಲೆ ಸಾಕಷ್ಟು ಕೆಲಸ ಮಾಡಿದೆ. ಕೇಳಲು ಭಾರೀ ಉಳಿತಾಯ ಅನಿಸುತ್ತದೆ. ಆದರೆ ಎಲ್‌ಟಿಇಯಲ್ಲಿ, ಅಂದರೆ 4ಜಿಯಲ್ಲಿ, ಒಂದು ಲೆಕ್ಕ ಹಾಕಿ ನೋಡಿ. 10 ಮೆಗಾಹರ್ಟ್ಸ್ ಬ್ಯಾಂಡಿನಲ್ಲಿ 9 ಸಬ್‌ಬ್ಯಾಂಡಿನ ಗುಣಮಟ್ಟವನ್ನೂ ಹೇಳಿದರೆ 4 ಬಿಟ್ ಸರಾಸರಿಗೆ, 2ರಂತೆ 18 ವ್ಯತ್ಯಾಸಕ್ಕೆ, ಒಟ್ಟು 22 ಬಿಟ್. ಫೋನೇ ಆರಿಸಿ 17 ಚಿಕ್ಕ ತುಣುಕುಗಳಲ್ಲಿ 5 ಒಳ್ಳೆಯದನ್ನು ಹೇಳಿದರೆ, ಯಾವ ಐದು ಎಂದು ಹೇಳುವುದಕ್ಕೇ 13 ಬಿಟ್ ಬೇಕು. ಸರಾಸರಿಗೆ 4, ವ್ಯತ್ಯಾಸಕ್ಕೆ 2 ಸೇರಿ ಒಟ್ಟು 19. ಉಳಿದದ್ದು ಮೂರೇ ಬಿಟ್! ತುಣುಕುಗಳು ಸಣ್ಣವಾದ್ದರಿಂದ ವಿವರ ಹೆಚ್ಚು ಸಿಗುತ್ತದೆ ಎನ್ನುವುದು ನಿಜ, ಆದರೆ ಬಿಟ್ ಉಳಿತಾಯದ ಆಸೆಗೆ ಇದನ್ನು ಹಿಡಿಯಬೇಡಿ.

ಜನ ಹೆಚ್ಚಿದ್ದರೆ ಹೊಸ್ತಿಲು ಇಡುವ ಉಪಾಯ ಒಳ್ಳೆಯದು. ಗೆಸ್ಬರ್ ಮತ್ತು ಅಲೂಯಿನಿ ಎಂಬ ಸಂಶೋಧಕರು 2004ರಲ್ಲಿ ತೋರಿಸಿದ್ದು ಇದನ್ನೇ: ಚಾನೆಲ್ ಒಂದು ಮಟ್ಟಕ್ಕಿಂತ ಚೆನ್ನಾಗಿದ್ದವರು ಮಾತ್ರ ಬಾಯಿ ಬಿಡಲಿ, ಹೇಗೂ ಟವರ್ ಆರಿಸುವುದು ಅವರನ್ನೇ. ಅಪಾಯ ಏನೆಂದರೆ ಸೆಲ್ಲಿನ ಅಂಚಿನಲ್ಲಿರುವವನ ಸರದಿ ಬರುವುದೇ ಇಲ್ಲ. ಎಲ್ಲರಿಗೂ ಒಂದೇ ಹೊಸ್ತಿಲು ಇಡದೆ, ಅವರವರ ಸರಾಸರಿಗೆ ತಕ್ಕ ಹೊಸ್ತಿಲು ಇಟ್ಟರೆ ಆ ಅನ್ಯಾಯ ತಗ್ಗುತ್ತದೆ.

ಕೋಡ್‌ಬುಕ್: ಟೈಪ್-1, ಟೈಪ್-2 ಮತ್ತು ಅದರ ತಮ್ಮಂದಿರು

ಟವರಿಗೂ ಫೋನಿಗೂ ಮೊದಲೇ ಗೊತ್ತಿರುವ ಒಂದು ಪಟ್ಟಿ. ಫೋನು ಪಟ್ಟಿಯ ಯಾವ ಸಂಖ್ಯೆ ಎಂದು ಮಾತ್ರ ಹೇಳುತ್ತದೆ. ಎಲ್‌ಟಿಇ ಶುರುವಾದಾಗ 4 ಆಂಟೆನಾಗೆ 16 ಸಾಲಿನ ಪಟ್ಟಿ, 4 ಬಿಟ್. ಆಂಟೆನಾ ಬೆಳೆದಂತೆ ಪಟ್ಟಿಯನ್ನು ಎರಡು ಭಾಗ ಮಾಡಿದರು: ನಿಧಾನವಾಗಿ ಬದಲಾಗುವ ದಿಕ್ಕು ಇಡೀ ಬ್ಯಾಂಡಿಗೆ ಒಮ್ಮೆ, ಬೇಗ ಬದಲಾಗುವ ಅಂಶ ಸಬ್‌ಬ್ಯಾಂಡಿಗೊಮ್ಮೆ.

5ಜಿಯ ಟೈಪ್-1 ಇದೇ ವಂಶದ್ದು. ಒಂದು ಬೀಮ್ ಆರಿಸು, ಮುಗಿಯಿತು. 32 ಪೋರ್ಟ್ (ಆಂಟೆನಾ ಎಂದುಕೊಳ್ಳಿ), 2 ಲೇಯರ್ (ಒಬ್ಬನಿಗೇ ಒಟ್ಟಿಗೆ ಹೋಗುವ ಎರಡು ಡೇಟಾ ಹರಿವು), 10 ಸಬ್‌ಬ್ಯಾಂಡ್ ಇಟ್ಟುಕೊಂಡು ನಾನು ಲೆಕ್ಕ ಹಾಕಿದರೆ ದಿಕ್ಕಿನ ವರದಿಗೆ ಸುಮಾರು 20 ಬಿಟ್ ಸಾಕು. ಅದೇ ಸನ್ನಿವೇಶಕ್ಕೆ ಟೈಪ್-2, ಅಂದರೆ ನಾಲ್ಕು ಬೀಮ್‌ಗಳನ್ನು ಬೇರೆಬೇರೆ ಬಲ ಮತ್ತು ಫೇಸ್‌ನಲ್ಲಿ (ತರಂಗ ತನ್ನ ಏರಿಳಿತದ ಯಾವ ಹಂತದಲ್ಲಿದೆ ಎನ್ನುವುದು) ಬೆರೆಸಿ ಚಾನೆಲ್ಲಿನ ನಿಜವಾದ ಚಿತ್ರ ಬರೆಯುವ ಪದ್ಧತಿ, ಸುಮಾರು 480 ಬಿಟ್ ಕೇಳುತ್ತದೆ. ಇಪ್ಪತ್ತನಾಲ್ಕು ಪಟ್ಟು! ಅದರಲ್ಲಿ 420 ಬಿಟ್ ಬರೀ ಸಬ್‌ಬ್ಯಾಂಡ್ ಸಬ್‌ಬ್ಯಾಂಡಿಗೂ ಫೇಸ್ ಹೇಳುವುದಕ್ಕೆ ಹೋಗುತ್ತದೆ.

ಪಕ್ಕದ ಸಬ್‌ಬ್ಯಾಂಡಿನ ಫೇಸ್ ಹೆಚ್ಚುಕಡಿಮೆ ಹೀಗೇ ಇರುತ್ತದಲ್ಲ, ಹತ್ತು ಸಲ ಯಾಕೆ ಹೇಳಬೇಕು? ಮೊಬೈಲ್ ಮಾನದಂಡ ಬರೆಯುವ 3ಜಿಪಿಪಿಯ 2020ರ ಆವೃತ್ತಿ, ರಿಲೀಸ್ 16ರಲ್ಲಿ ಬಂದ ಸುಧಾರಿತ ಟೈಪ್-2 ಮಾಡುವುದು ಇದನ್ನೇ. ಆವರ್ತನದ ಉದ್ದಕ್ಕೂ ಹರಡಿದ್ದನ್ನು ಮೂರ್ನಾಲ್ಕು ತಡಗಳಿಗೆ ಮಡಚಿ, ಅದರಲ್ಲೂ ದೊಡ್ಡ ಸಂಖ್ಯೆಗಳನ್ನಷ್ಟೇ ಕಳಿಸುತ್ತದೆ. ನನ್ನ ಲೆಕ್ಕದಲ್ಲಿ 480 ಇದ್ದದ್ದು 250ರ ಆಸುಪಾಸಿಗೆ ಇಳಿಯುತ್ತದೆ. ಇನ್ನೂ ಬಿಗಿ ಮಾಡಿದರೆ 160ರ ಹತ್ತಿರ. ಮೇಲಿನ ಎಲ್ಲ ಅಂಕಿಗಳೂ ಲೇಯರ್ ಸಂಖ್ಯೆ, ಗುಣಮಟ್ಟದ ವರದಿ ಬಿಟ್ಟು.

ಹಾಗಾದರೆ ಟೈಪ್-1 ಹಳೇ ಸರಕೇ? ಅಲ್ಲ. ಒಬ್ಬೊಬ್ಬನಿಗೇ ಕಳಿಸುವ ಕಡೆ ಟೈಪ್-2ರಿಂದ ಸಿಗುವ ಹೆಚ್ಚಿನ ಲಾಭ ಅಲ್ಪ. ಹಲವರಿಗೆ ಒಟ್ಟಿಗೆ ಕಳಿಸುವಾಗ ಮಾತ್ರ ಅದರ ಬೆಲೆ ಹುಟ್ಟುತ್ತದೆ. ಸಿಗ್ನಲ್ ಕುಂಟುತ್ತಿರುವ ಅಂಚಿನ ಫೋನಿನಿಂದ 480 ಬಿಟ್ ಕೇಳಿದರೆ ಆ ವರದಿ ಸರಿಯಾಗಿ ತಲುಪುವುದೇ ಅನುಮಾನ. ಅಲ್ಲಿ 20 ಬಿಟ್ಟಿನ ಒರಟು ವರದಿಯೇ ಮೇಲು. ಇನ್ನು 700 ಮೆಗಾಹರ್ಟ್ಸ್‌ನಲ್ಲಿ ಅರ್ಧ ತರಂಗಾಂತರವೇ 21 ಸೆಂ.ಮೀ. 3.5 ಗಿಗಾಹರ್ಟ್ಸ್‌ನಲ್ಲಿ ನಾಲ್ಕು ಚಿಲ್ಲರೆ. ಕೆಳ ಬ್ಯಾಂಡಿನ ಟವರಿನಲ್ಲಿ 32 ಆಂಟೆನಾ ಕೂರಿಸಲು ಹೊರಟರೆ ಅದು ಬಾಗಿಲಿನಷ್ಟು ದೊಡ್ಡದಾಗಿ ಗಾಳಿಗೆ ಎದೆ ಕೊಟ್ಟು ನಿಲ್ಲಬೇಕು. ಅಲ್ಲಿ 2 ಅಥವಾ 4 ಆಂಟೆನಾ ಸಾಮಾನ್ಯ, ಅದಕ್ಕೆ ಟೈಪ್-1 ಧಾರಾಳ.

ವೇಗದ ಗಾಡಿಗಳಿಗಾಗಿ ರಿಲೀಸ್ 18 ಇನ್ನೊಂದು ಹೆಜ್ಜೆ ಇಟ್ಟಿತು: ಕಾಲದ ಉದ್ದಕ್ಕೂ ಮಡಚಿ, ಮುಂದಿನ ಕೆಲವು ಕ್ಷಣಗಳ ಚಾನೆಲನ್ನೂ ಫೋನು ಊಹಿಸಿ ಒಂದೇ ವರದಿಯಲ್ಲಿ ಹೇಳುತ್ತದೆ. ಲೆಕ್ಕದ ಭಾರ ಪೂರ್ತಿ ಫೋನಿನ ಹೆಗಲಿಗೆ. ಅಂಥ ಮೋಡೆಮ್ ಇರುವ ಫೋನುಗಳು ನಿಮ್ಮ ಜಾಗದಲ್ಲಿ ಎಷ್ಟಿವೆ ನೋಡಿಕೊಂಡು ಮುಂದುವರಿಯಿರಿ.

ಕೇಳುವುದನ್ನೇ ಬಿಟ್ಟುಬಿಡಿ

ಟಿಡಿಡಿಯಲ್ಲಿ ಹೋಗುವ ಬರುವ ದಾರಿ ಒಂದೇ ಆವರ್ತನದ್ದು. ಹಾಗಾಗಿ ಫೋನು ಒಂದು ಪೈಲಟ್ ಕಳಿಸಿದರೆ, ಎಸ್‌ಆರ್‌ಎಸ್ ಅನ್ನುತ್ತಾರೆ, ಟವರ್ ಅದನ್ನು ಅಳೆದು ಡೌನ್‌ಲಿಂಕಿಗೂ ಅದನ್ನೇ ಬಳಸಬಹುದು. ದಿಕ್ಕಿನ ವರದಿ ಸೊನ್ನೆ. ಟವರಿನಲ್ಲಿ 64 ಆಂಟೆನಾ ಇರಲಿ, 128 ಇರಲಿ, ಫೋನಿನ ಪೈಲಟ್ ಅಷ್ಟೇ. 2010ರಲ್ಲಿ ಸಂಶೋಧಕ ಥಾಮಸ್ ಮಾರ್ಜೆಟ್ಟಾ ಮ್ಯಾಸಿವ್ ಮೈಮೋದ (ಟವರಿನಲ್ಲಿ ಆಂಟೆನಾಗಳ ದಂಡನ್ನೇ ಇಡುವ ಪದ್ಧತಿ) ಮಾತು ಎತ್ತಿದಾಗ ಟಿಡಿಡಿಯನ್ನೇ ಹಿಡಿದದ್ದು ಇದಕ್ಕೇ. ನಿಮ್ಮದು 3.5 ಗಿಗಾಹರ್ಟ್ಸ್ ಆಗಿದ್ದರೆ ಇಲ್ಲಿಂದಲೇ ಶುರುಮಾಡಿ. ಕೋಡ್‌ಬುಕ್ ಚರ್ಚೆ ಆಮೇಲೆ.

ತೊಡಕುಗಳು ಇಲ್ಲದಿಲ್ಲ. ಗಾಳಿಯಲ್ಲಿನ ದಾರಿ ಒಂದೇ ಆದರೂ ಟವರಿನ ಒಳಗಿನ ಕಳಿಸುವ ಸರ್ಕ್ಯೂಟ್ ಬೇರೆ, ಪಡೆಯುವುದು ಬೇರೆ. ಅವೆರಡರ ವ್ಯತ್ಯಾಸವನ್ನು ಆಗಾಗ ಸರಿದೂಗಿಸಬೇಕು. ಫೋನಿನಲ್ಲಿ ನಾಲ್ಕು ಕಿವಿ, ಒಂದೇ ಬಾಯಿ: ಪಡೆಯಲು 4 ಆಂಟೆನಾ ಇದ್ದರೂ ಒಂದು ಸಲಕ್ಕೆ ಒಂದರಿಂದಲೇ ಕಳಿಸಬಲ್ಲ ಫೋನು ಆಂಟೆನಾ ಬದಲಿಸುತ್ತ ನಾಲ್ಕು ಸಲ ಪೈಲಟ್ ಕೂಗಬೇಕು. ಅಂಚಿನಲ್ಲಿರುವವನ ಕೂಗು ಟವರಿಗೆ ಕೇಳಿಸುವುದೇ ಇಲ್ಲ. ಪಕ್ಕದ ಸೆಲ್ಲಿನ ಗದ್ದಲ ಫೋನಿಗೆ ಎಷ್ಟು ಬಡಿಯುತ್ತಿದೆ ಎನ್ನುವುದು ಟವರಿಗೆ ಈ ದಾರಿಯಿಂದ ಗೊತ್ತಾಗುವುದಿಲ್ಲ, ಹಾಗಾಗಿ ಗುಣಮಟ್ಟದ ಸಣ್ಣ ವರದಿ ಬೇಕೇ ಬೇಕು. ಒಳಗಿದ್ದವರಿಗೆ ಎಸ್‌ಆರ್‌ಎಸ್, ಅಂಚಿನವರಿಗೆ ಟೈಪ್-1 ಎಂಬ ಬೆರಕೆಯೇ ವ್ಯಾವಹಾರಿಕ ಹಾದಿ. ಪೇಪರ್ ಬರೆಯಲು ಇದರಲ್ಲಿ ರೋಚಕತೆ ಇಲ್ಲ, ನೆಟ್‌ವರ್ಕ್ ಓಡಿಸಲು ಇದಕ್ಕಿಂತ ಒಳ್ಳೆಯದಿಲ್ಲ.

ಎಫ್‌ಡಿಡಿಯವರು ಈ ಸುಖದಿಂದ ಪೂರ್ತಿ ವಂಚಿತರೇನಲ್ಲ. ಆವರ್ತನ ಬೇರೆಯಾದರೂ ಸಿಗ್ನಲ್ ಯಾವ ಕಟ್ಟಡಕ್ಕೆ ಬಡಿದು ಯಾವ ಕೋನದಿಂದ, ಎಷ್ಟು ತಡವಾಗಿ ಬರುತ್ತದೆ ಎನ್ನುವುದು ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಬದಲಾಗುವುದು ಫೇಸ್. 2022ರ ರಿಲೀಸ್ 17 ಇದನ್ನು ಬಳಸಿಕೊಂಡಿತು: ಟವರ್ ಅಪ್‌ಲಿಂಕಿನಿಂದ ಕೋನ ಮತ್ತು ತಡ ಕಂಡುಕೊಂಡು ಪೈಲಟನ್ನು ಆ ಕಡೆಗೇ ತಿರುಗಿಸಿ ಕಳಿಸುತ್ತದೆ; ಫೋನು ಉಳಿದ ಗುಣಾಂಕಗಳನ್ನಷ್ಟೇ ಹೇಳಿದರೆ ಸಾಕು. ಫೋನಿನ ಲೆಕ್ಕವೂ ಹಗುರ. ಆದರೆ ಟವರಿನ ಅಂದಾಜು ತಪ್ಪಿದರೆ ಫೋನಿಗೆ ಅದು ಗೊತ್ತೇ ಆಗುವುದಿಲ್ಲ, ತಪ್ಪು ಕಡೆ ತಿರುಗಿದ ಪೈಲಟ್‌ಗಳಲ್ಲೇ ಒಳ್ಳೆಯದನ್ನು ಆರಿಸಿ ಕೊಡುತ್ತದೆ. ಎಫ್‌ಡಿಡಿ, ಆಂಟೆನಾ ಹೆಚ್ಚು, ಟವರಿನಲ್ಲಿ ಲೆಕ್ಕಕ್ಕೆ ಶಕ್ತಿ ಇದೆ ಎನ್ನುವವರಿಗೆ ನನ್ನ ಮೊದಲ ಆಯ್ಕೆ ಇದೇ.

ಎಐ ಹಿಡಿಯಲೇ?

2018ರಲ್ಲಿ ಬಂದ ಸಿಎಸ್‌ಐನೆಟ್ ಈ ಅಲೆಯನ್ನು ಎಬ್ಬಿಸಿತು. ಚಾನೆಲನ್ನು ಒಂದು ಚಿತ್ರ ಎಂದುಕೊಂಡು, ಫೋನಿನಲ್ಲಿರುವ ನರಜಾಲ (ನ್ಯೂರಲ್ ನೆಟ್‌ವರ್ಕ್) ಅದನ್ನು ಹಿಂಡಿ ಕಳಿಸುತ್ತದೆ, ಟವರಿನ ಜಾಲ ಮತ್ತೆ ಹಿಗ್ಗಿಸುತ್ತದೆ. 2048 ಸಂಖ್ಯೆಗಳ ಚಿತ್ರ 512ಕ್ಕೆ, 128ಕ್ಕೆ, ಕೊನೆಗೆ 32ಕ್ಕೂ ಇಳಿಯಿತು. ಕೆಲವೇ ಅಳತೆಗಳಿಂದ ಇಡೀ ಚಾನೆಲ್ ಕಟ್ಟಿಕೊಳ್ಳುವ ಕಂಪ್ರೆಸ್ಡ್ ಸೆನ್ಸಿಂಗ್ ಪದ್ಧತಿಗಳನ್ನು ಅದು ಸುಲಭವಾಗಿ ಹಿಂದೆ ಹಾಕಿತು. ಅವುಗಳ ಬಗ್ಗೆ ಇಲ್ಲಿ ಬೇರೆ ಹೇಳದಿರಲು ಅದೂ ಒಂದು ಕಾರಣ.

ಕಣ್ಣು ಬಿಟ್ಟು ಓದಬೇಕಾದ್ದು ಇಲ್ಲಿ. 512 ಎನ್ನುವುದು ಬಿಟ್ ಅಲ್ಲ, ಸಂಖ್ಯೆ. ಒಂದೊಂದಕ್ಕೆ 4 ಬಿಟ್ ಕೊಟ್ಟರೂ 2048 ಬಿಟ್ ಆಯಿತು. ಅದು ಇಡೀ ಚಾನೆಲ್ ಕಳಿಸುತ್ತದೆ, ಟೈಪ್-2 ಕಳಿಸುವುದು ದಿಕ್ಕನ್ನು ಮಾತ್ರ, ಹಾಗಾಗಿ ನೇರ ಹೋಲಿಕೆ ನ್ಯಾಯವಲ್ಲ. ಆದರೂ ಸುಧಾರಿತ ಟೈಪ್-2ರ ಪಕ್ಕದಲ್ಲಿ ನಿಲ್ಲಿಸದೆ “ಭಾರೀ ಉಳಿತಾಯ” ಎಂದರೆ ನಂಬಬೇಡಿ. ತರಬೇತಿಯ ಚಾನೆಲ್ ಮಾದರಿ ಒಂದು, ಬೀದಿಯ ಚಾನೆಲ್ ಇನ್ನೊಂದು ಎನ್ನುವ ತೊಂದರೆಯೂ ಇದೆ. ಎಲ್ಲಕ್ಕಿಂತ ದೊಡ್ಡದು ಮದುವೆಯ ಸಮಸ್ಯೆ: ಹಿಂಡುವ ಜಾಲ ಫೋನಿನ ಚಿಪ್ ಮಾಡಿದವನದು, ಹಿಗ್ಗಿಸುವುದು ಟವರ್ ಮಾಡಿದವನದು. ಇಬ್ಬರೂ ತಮ್ಮ ಜಾಲದ ಗುಟ್ಟು ಬಿಟ್ಟುಕೊಡದೆ ಅವನ್ನು ಹೊಂದಿಸುವುದು ಹೇಗೆ? 3ಜಿಪಿಪಿ ರಿಲೀಸ್ 18ರಲ್ಲಿ ಇದನ್ನು ಅಧ್ಯಯನಕ್ಕೆ ತೆಗೆದುಕೊಂಡಿತು, ತಲೆನೋವಾದದ್ದೂ ಇದೇ ಜೋಡಿ ಕೂಡಿಸುವ ಕೆಲಸ. ಒಂದೇ ತುದಿಯಲ್ಲಿ ಕೂತು ಮುಂದಿನ ಚಾನೆಲ್ ಊಹಿಸುವ ಜಾಲಕ್ಕೆ ಈ ರಗಳೆಯಿಲ್ಲ, ಎಐ ಮೇಲೇ ಮನಸ್ಸಿದ್ದರೆ ಅಲ್ಲಿಂದ ಶುರುಮಾಡುವುದು ಜಾಣತನ.

ವೈಫೈ ಕಡೆಯವರಿಗೆ ಒಂದು ಮಾತು

ವೈಫೈನಲ್ಲಿ ಎರಡೂ ದಿಕ್ಕಿಗೆ ಒಂದೇ ಆವರ್ತನ. ಹಾಗಿದ್ದೂ ವೈಫೈ 5 ಬಂದಾಗ ಕೇಳದೇ ತಿಳಿಯುವ ದಾರಿಯನ್ನು ಕೈಬಿಟ್ಟು, ಫೋನೇ ವರದಿ ಕೊಡಬೇಕೆಂದು ನಿಗದಿ ಮಾಡಿದರು. ಎಲ್ಲ ಕಂಪನಿಯ ಪೆಟ್ಟಿಗೆಗಳೂ ಹೊಂದಿಕೊಳ್ಳಲು ಅದು ಸುಲಭ. ವರದಿ ಕೋನಗಳ ರೂಪದಲ್ಲಿರುತ್ತದೆ. 4 ಆಂಟೆನಾದ ರೂಟರ್, ಒಂದು ಆಂಟೆನಾದ ಫೋನು, 80 ಮೆಗಾಹರ್ಟ್ಸ್ ಇಟ್ಟುಕೊಳ್ಳಿ. ಆರು ಕೋನಗಳನ್ನು ಸೂಕ್ಷ್ಮವಾಗಿ 48 ಬಿಟ್ಟಿನಲ್ಲಿ 234 ಸಬ್‌ಕ್ಯಾರಿಯರಿಗೂ (ಬ್ಯಾಂಡಿನೊಳಗಿನ ಸಣ್ಣ ಆವರ್ತನ ಎಳೆಗಳು) ಹೇಳಿದರೆ 11,232 ಬಿಟ್. ನಾಲ್ಕಕ್ಕೊಂದರಂತೆ 62ಕ್ಕೆ ಮಾತ್ರ, 36 ಬಿಟ್ಟಿನ ಒರಟು ಕೋನದಲ್ಲಿ ಹೇಳಿದರೆ 2,232. ಐದರಲ್ಲಿ ಒಂದು ಪಾಲು. ಮನೆಯೊಳಗೆ ಪ್ರತಿಫಲನಗಳ ತಡ ಕಡಿಮೆ, ಪಕ್ಕಪಕ್ಕದ ಸಬ್‌ಕ್ಯಾರಿಯರ್ ಒಂದೇ ಥರ ಇರುತ್ತವೆ, ನಾಲ್ಕಕ್ಕೊಂದು ಸಾಕು. ದೊಡ್ಡ ಸಭಾಂಗಣ, ರೈಲು ನಿಲ್ದಾಣಗಳಲ್ಲಿ ಈ ಕತ್ತರಿ ಪ್ರಯೋಗ ಕೈಕೊಡಬಹುದು.

ಈಗ ಆರಿಸಿ

ಕಾರ್ಖಾನೆಯೊಳಗೆ ಖಾಸಗಿ 5ಜಿ ಹಾಕುವವರು, ಬ್ಯಾಂಡ್ ಟಿಡಿಡಿ ಆಗಿದ್ದರೆ, ಎಸ್‌ಆರ್‌ಎಸ್ ಆನ್ ಮಾಡಿ, ಸರಿದೂಗಿಸುವ ಕೆಲಸ ಪೆಟ್ಟಿಗೆ ತಾನೇ ಮಾಡುತ್ತದೆಯೇ ಎಂದು ಮಾರುವವನನ್ನು ಕೇಳಿ. ಇದ್ದಲ್ಲೇ ಇರುವ ಯಂತ್ರಗಳಿಗೆ ವರದಿ ಅವಧಿ ಉದ್ದ ಮಾಡಿ. ಹೆಚ್ಚುವರಿ ದುಡ್ಡು ಏನೂ ಬೇಡ. ಎಫ್‌ಡಿಡಿಯಲ್ಲಿ 4 ಆಂಟೆನಾ ಇಟ್ಟವರು ಟೈಪ್-1 ಇಟ್ಟುಕೊಂಡು, ಅವಧಿ ಮತ್ತು ಸಬ್‌ಬ್ಯಾಂಡ್ ಮೇಲೆ ಕೈಯಾಡಿಸಿದರೆ ಸಾಕು. ಎಫ್‌ಡಿಡಿಯಲ್ಲೇ 32 ಆಂಟೆನಾ, ಕಿಕ್ಕಿರಿದ ಜನ, ನಿಧಾನ ಓಡಾಟ ಇದ್ದರೆ ಮಾತ್ರ ಸುಧಾರಿತ ಟೈಪ್-2 ಅಥವಾ ರಿಲೀಸ್ 17ರ ದಾರಿ. ಆ ಪ್ರದೇಶದ ಫೋನುಗಳಲ್ಲಿ ಎಷ್ಟು ಪಾಲು ಅದನ್ನು ಬೆಂಬಲಿಸುತ್ತವೆ ಎಂದು ಮೊದಲು ಎಣಿಸಿ. ಹೆದ್ದಾರಿ, ರೈಲು ಹಳಿ ಪಕ್ಕದ ಟವರಿಗೆ ಸೂಕ್ಷ್ಮ ವರದಿ ದಂಡ. ಇಡೀ ಬ್ಯಾಂಡಿಗೊಂದು ಒರಟು ದಿಕ್ಕು, ಅದನ್ನು ಆಗಾಗ.

ಎಂ.ಟೆಕ್ ಮಾಡುತ್ತಿರುವವರಿಗೆ ದುಡ್ಡಿನ ಚಿಂತೆ ಇಲ್ಲ, ಸಮಯದ್ದು. ಮ್ಯಾಟ್‌ಲ್ಯಾಬ್ ಲೈಸೆನ್ಸ್ ಇಲ್ಲದಿದ್ದರೆ ಪುಕ್ಕಟೆ ಸಿಗುವ ಸಿಯೋನಾ ಎಂಬ ಸಿಮ್ಯುಲೇಶನ್ ಸಾಫ್ಟ್‌ವೇರ್ ಇದೆ. ಮೊದಲ ತಿಂಗಳು ಟೈಪ್-1 ಮತ್ತು ಸುಧಾರಿತ ಟೈಪ್-2 ಎರಡನ್ನೂ ನೀವೇ ಬರೆದು ಓಡಿಸಿ, ಆಮೇಲೆ ನಿಮ್ಮ ಹೊಸ ಉಪಾಯ ತನ್ನಿ. ಗ್ರಾಫಿನ ಅಡ್ಡ ಅಕ್ಷದಲ್ಲಿ ಬಿಟ್ ಇರಲಿ, ಲಂಬದಲ್ಲಿ ಚಾನೆಲ್ ತಪ್ಪಿನ ಪ್ರಮಾಣವಲ್ಲ, ಬಳಕೆದಾರನಿಗೆ ದಕ್ಕಿದ ವೇಗ ಇರಲಿ. ಅದೇ ಗ್ರಾಫನ್ನು ಸೊನ್ನೆ, 5 ಮತ್ತು 10 ಮಿಲಿಸೆಕೆಂಡ್ ತಡಕ್ಕೆ ಮೂರು ಸಲ ಬರೆಯಿರಿ. ವೈವಾದಲ್ಲಿ ಎರಡನೆಯದನ್ನೇ ಮೊದಲು ತೋರಿಸಿ.